ಆರಕ್ಕೆ ಆರು

ಗೋಡೆಯ ಮೇಲಿನ ಕಟ್ಟಕಡೆಯ ಸಾಲು,
ಇರುವೆಯಷ್ಟು ಅಕ್ಷರ, ಗಡಗಡ ಓದಿದೆ.
'ಆರಕ್ಕೆ ಆರು' ಅಂದರು ಡಾಕ್ಟರು,
ಪರೀಕ್ಷೆ ಪಾಸಾದ ಹುಡುಗಿಗೆ ಅಂದಂತೆ.

ಹಗಲಿಗೆ ಅದು ನಿಜ.
ಕೌಲ್‌ಬಜಾರಿನ ಮಾಳಿಗೆ ಮೇಲಿಂದ
ಕೋಟೆಗುಡ್ಡದ ಬಂಡೆ ಬಂಡೆ ಎಣಿಸಬಲ್ಲೆ,
ಬಂಡೆಗೊರಗಿದ ಮೇಕೆಯ ಕೊಂಬನ್ನೂ.

ಸಂಜೆಯಾದರೆ ನೀಲಿ ಜೀನ್ಸಿನ ಮೇಲೆ ನೀಲಿ ನೂಲು
ಎಲ್ಲಿ ತಪ್ಪಿತೋ ತಿಳಿಯದು;
ಹೊಲಿಗೆ ಬಿಟ್ಟದ್ದನ್ನು ಬೆರಳೇ ಹೇಳಬೇಕು.
ಮಗ್ಗುಲ ಮಿಷನ್ನಿನ ಮಸ್ತಾನಮ್ಮ
ಏನೂ ಕೇಳದೆ
ನನ್ನ ರಾಶಿಯಿಂದ ನಾಲ್ಕು ಪ್ಯಾಂಟು ಎಳೆದುಕೊಳ್ಳುತ್ತಾಳೆ.

ರಾತ್ರಿ ರೇಡಿಯೋ ಪಾರ್ಕ್ ಕ್ರಾಸಿನಲ್ಲಿ
ಲಾರಿಗಳ ಕಣ್ಣಿಂದ ಸೂಜಿಗಳು ಚಿಮ್ಮುತ್ತವೆ,
ಬೀದಿಯ ಒಂದೊಂದು ದೀಪಕ್ಕೂ ಗುಡಿ ಕಟ್ಟಿದೆ.
ಆರು ತಿಂಗಳಲ್ಲಿ ಹೊಂದುತ್ತೆ ಅಂದಿದ್ದರು.
ಇದು ಹನ್ನೊಂದನೆಯದು.

ಚಂದ್ರನಿಗೆ ಗುಡಿ ಕಟ್ಟಿದರೆ ಮಳೆ, ಅನ್ನುತ್ತಿದ್ದಳು ಅಜ್ಜಿ.
ಇಷ್ಟೊಂದು ಗುಡಿ, ಒಂದು ಹನಿ ಇಲ್ಲ;
ಪರ್ಸಿನ ಶೀಶೆಯಿಂದ ದಿನಕ್ಕೆ ನಾಲ್ಕು ಸಲ
ನಾನೇ ಸುರಿಸಿಕೊಳ್ಳಬೇಕು.

ದೂರಲ್ಲ ಇದು.
ಬೆವರಿಗೆ ಜಾರುವ ಕನ್ನಡಕದ ಕಾಟ ತಪ್ಪಿತು,
ಕನ್ನಡಿಯೊಳಗೆ ನನ್ನ ಮುಖ ದೂರದಿಂದಲೂ ನನ್ನದೇ.
ಆದರೂ ಬೆರಳು ಈಗಲೂ ಮೂಗಿನ ಮೇಲೆ
ಇಲ್ಲದ್ದನ್ನು ಮೇಲಕ್ಕೆ ದೂಡುತ್ತದೆ.