ಐದನೆಯವನಿಗೆ ಮೂಗಿಲ್ಲ

ಸಿಸಿಲಿಯ ಒಂದು ಬೆಟ್ಟದೂರು. ಭೂಮಿ ನಡುಗಿ ಎಲ್ಲ ಕುಸಿದ ಮೇಲೆ
ಹಟಕ್ಕೆ ಬಿದ್ದವರಂತೆ ಕಟ್ಟಿದರು ಜನ.
ಇಲ್ಲದಿದ್ದರೆ ಒಂದು ಬಾಲ್ಕನಿ ಹೊರಲು
ಐದು ಮುಖಗಳೇಕೆ?

ಜೇನುಬಣ್ಣದ ಕಲ್ಲು. ಗಣಿಯಿಂದ ಬಂದ ವಾರ
ಗರಗಸಕ್ಕೂ ಬಗ್ಗುತ್ತದಂತೆ, ಗಿಣ್ಣಿನ ಹಾಗೆ;
ಆಮೇಲೆ ಗಾಳಿ ಕುಡಿದು ಬಿಗಿಯುತ್ತದೆ.
ಆ ವಾರದೊಳಗೇ ಕೆತ್ತಿದ್ದಾನೆ ಯಾರೋ:
ಒಬ್ಬ ಕೆನ್ನೆಯುಬ್ಬಿಸಿ ಊದುತ್ತಿದ್ದಾನೆ, ಒಬ್ಬ ಹಲ್ಲು ಕಿರಿದಿದ್ದಾನೆ,
ಒಬ್ಬನ ಗಡ್ಡ ಇಳಿಯುತ್ತ ಇಳಿಯುತ್ತ ಎಲೆಯಾಗಿ, ಬಳ್ಳಿಯಾಗಿ
ಪಕ್ಕದವನ ಕಿವಿಗೆ ಸುತ್ತಿಕೊಂಡಿದೆ.
ನಡುವಿನವನು ಬೀದಿಗೆಲ್ಲ ನಾಲಿಗೆ ಚಾಚಿದ್ದಾನೆ.
ಕೂಲಿ ಉಳಿಸಿಕೊಂಡ ಧಣಿಯ ಗುಮಾಸ್ತ, ಅನ್ನುತ್ತದೆ ಬೀದಿ.
ಐದನೆಯವನಿಗೆ ಮೂಗಿಲ್ಲ.

ಮೇಲೆ ಕಬ್ಬಿಣದ ಕಟಾಂಜನ, ತುಂಬಿದ ಬಸುರಿನಂತೆ ಮುಂದಕ್ಕೆ ಬಾಗಿದ್ದು
(ಅಗಲದ ಲಂಗ ಹರಡಿಕೊಂಡು ನಿಲ್ಲಬೇಕಲ್ಲ, ಆ ಕಾಲದ ಹೆಂಗಸರು).
ಈಗ ಅಲ್ಲಿ ಅಗಾತಿನಾ ಒಗೆದು ಹಾಕಿದ ಚಾದರ, ಬೆಳ್ಳುಳ್ಳಿ ಗೊಂಚಲು,
ಮೂಲೆಗೆ ಕಾಮಕಸ್ತೂರಿಯ ಕುಂಡ.

ಸಿರಾಕೂಸಾದಿಂದ ಕಚೇರಿಯ ಹುಡುಗಿ ಬಂದಳು.
ಏಣಿ ಹತ್ತಿ, ಟಾರ್ಚು ಬಿಟ್ಟು, ವೈದ್ಯೆಯ ಹಾಗೆ ಆ ಮುಖ ನೋಡಿದಳು.
"ಭೂಕಂಪ ಅಲ್ಲ, ಯುದ್ಧ ಅಲ್ಲ ಸಿನ್ಯೋರಾ,
ನೀರು. ನಿಮ್ಮ ಕುಂಡದ್ದು."
ಬೆರಳು ಮಡಚಿ ಲೆಕ್ಕ ಹಾಕಿದಳು ಅಗಾತಿನಾ:
ತಾನು ಐವತ್ತು ವರ್ಷ, ಅತ್ತೆ ನಲವತ್ತು, ಅತ್ತೆಯ ಅತ್ತೆ ಎಷ್ಟೋ,
ದಿನಕ್ಕೊಂದು ಚೊಂಬು, ತಳದ ತೂತಿನಿಂದ ತೊಟ್ಟು ತೊಟ್ಟು.
ಅಯ್ಯೋ, ಮೂವರು ಹೆಂಗಸರು ಸೇರಿ
ಒಬ್ಬ ಗಂಡಸಿನ ಮೂಗು ತಿಂದಿದ್ದೇವೆ!
ನಗು ತಡೆಯದೆ ಏಪ್ರನ್ನಿನ ಅಂಚು ಬಾಯಿಗೊತ್ತಿಕೊಂಡಳು.

ಕುಂಡ ಒಳಗೆ ಹೋಯಿತು. ಕಾಗದಕ್ಕೆ ಸಹಿ ಬಿತ್ತು.
ಹೊಸ ಮೂಗು ಕೂಡಿಸುವುದಿಲ್ಲವಂತೆ. ಯಾವ ಮೂಗು ಅಂತ ಕೂಡಿಸುವುದು?
ಔಷಧದಂಗಡಿಯ ಸ್ಪಿರಿದಿಯೋನೆ ಗಿಣಿಮೂಗು ಎಂದ,
ಅವನಕ್ಕ ಮೊಂಡು ಎಂದಳು,
ಎರಡು ದಿನ ಇಬ್ಬರಿಗೂ ಮಾತಿಲ್ಲ.

ಆಗಸ್ಟು. ಆಫ್ರಿಕದ ಕಡೆಯ ಬಿಸಿಗಾಳಿಗೆ
ಬೀದಿಯೆಲ್ಲ ಕಾದ ಹೆಂಚು.
ಸಂಜೆಯ ಓರೆಬಿಸಿಲು ಗೋಡೆ ಹತ್ತುವಾಗ
ನಾಲಿಗೆಯಂಚು, ಎಲೆಯ ನರ, ಹುಬ್ಬಿನ ಗಂಟು,
ಒಂದೊಂದು ಉಳಿಯೇಟಿಗೂ ಯಾರೋ ಹಣತೆಯಿಟ್ಟಂತೆ.
ಐದನೆಯವನ ತೆರೆದ ಬಾಯಿ ಮಾತ್ರ
ಒಣಗಿ, ಏನೋ ಕೇಳುವಂತಿದೆ.

ಬೀದಿ ಮಲಗಿದ ಮೇಲೆ ಬರಿಗಾಲಲ್ಲಿ ಬಂದು
ಕಟಾಂಜನದ ಮೇಲಿಂದ ಬಗ್ಗಿ
ಒಂದು ಲೋಟ ನೀರು. ಸ್ವಲ್ಪವೇ, ತುಟಿಗೆ ತಾಗುವಷ್ಟು.
ಇನ್ನೂರು ವರ್ಷಕ್ಕೆ ತುಟಿಯೂ ಹೋದೀತು.
ಹೋಗಲಿ.
ಕತ್ತಲಲ್ಲಿ ಗುಮಾಸ್ತನ ನಾಲಿಗೆ
ಇನ್ನೊಂದು ಬೆರಳು ಉದ್ದವಾದಂತೆ ಕಂಡಿತು ಅವಳಿಗೆ.