ಎಡಗೈಗೊಂದು ಚಾಕು

ಮೂರು ವರ್ಷ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿ
ನಾಲೆ ಏರಿಯ ಮೇಲೆ ಸೈಕಲ್ಲು ತುಳಿದೆ, ನಾನು ನೀರುಗಂಟಿ.
ಎರಡು ಸೀರೆ ಹರಿಯಿತು, ಒಂದು ಸಲ ತೊಡೆ.
ಮಚ್ಚು ಹಿಡಿದು ಕೆರಗೋಡಿನ ಬಸ್ಸು ಹತ್ತಿದರೆ
ಕಂಡಕ್ಟರು ಅಂದ: ‘ನಿಂಗೆ ಫ್ರೀ ಕಣವ್ವ,
ಇದು ಗಂಡಸು, ಇದಕ್ಕೆ ಟಿಕೆಟ್ ತಗೋ.’
ಬಸ್ಸೆಲ್ಲ ನಕ್ಕಿತು. ಪಕ್ಕದ ಸೀಟು ಮಾತ್ರ ಖಾಲಿ ಉಳಿಯಿತು.

ಅದಕ್ಕೇ ಸಂಬಳದ ಮಾರನೇ ದಿನ
ಮಂಡ್ಯದ ಪೇಟೆಬೀದಿ, ಖಲೀಮುಲ್ಲಾ ಸಾಬರ ಅಂಗಡಿ.
ಮೇಲೆ ನೇತಾಡುವ ಬೀಗ, ಸರಪಳಿ, ಎತ್ತಿನ ಗೆಜ್ಜೆ;
ಕೆಳಗೆ ಗಾಜಿನಡಿ ಮಲಗಿದ ಚಾಕುಗಳು.
‘ಮಡಿಸೋದು ಬೇಕು. ದೊಡ್ಡದು. ಗಟ್ಟಿದು.’
‘ತರಕಾರಿಗಾ?’
‘ನಾಲೆಗೆ.’
ಕನ್ನಡಕದ ಮೇಲಿಂದ ನೋಡಿ, ಕೂರಲು ಸ್ಟೂಲು ಸರಿಸಿದರು.

ಮೊದಲನೆಯದು ಕರೀದು, ಹಿಡಿ ಮೇಲೆ ಬಾಯ್ತೆರೆದ ಹುಲಿ.
ಗುಂಡಿ ಒತ್ತಿದರೆ ಟಕ್ಕಂತ ಹಾರಿ ನಿಂತಿತು,
ಬೆರಳಲ್ಲಿ ಅಲ್ಲಾಡಿಸಿದರೆ
ಹಾಲುಹಲ್ಲಿನ ಹಾಗೆ ಕದಲಿತು.
ಇದು ಫೋಟೋ ತೆಗೆಸಿಕೊಳ್ಳುವ ಹುಡುಗರದು.

ಎರಡನೆಯದರ ಹೊಟ್ಟೆ ತುಂಬ ಸಂಸಾರ:
ಕತ್ತರಿ, ಅರ, ಸ್ಕ್ರೂಡ್ರೈವರು, ಹಲ್ಲುಕಡ್ಡಿ,
ಯಾವುದೋ ಸುರುಳಿ ಕಂಬಿ, ಯಾತಕ್ಕೆಂದು ಸಾಬರಿಗೂ ಗೊತ್ತಿಲ್ಲ.
ಅಲಗು ಮಾತ್ರ ಕಿರುಬೆರಳು.

ಮೂರನೆಯದು ಒಳ್ಳೇ ಮನೆತನದ್ದು.
ಗೇಣುದ್ದದ ಹಿಡಿ, ದಪ್ಪ ಬೆನ್ನು,
ತೂಕ ಮುಂದಕ್ಕೆ ವಾಲದೆ ಅಂಗೈಯಲ್ಲೇ ಕೂತಿತು.
ತೆರೆದೆ. ಮಡಿಸಲು ಹೋದರೆ ಬಾರದು.
ಒಳಗಿನ ತಗಡನ್ನು ಹೆಬ್ಬೆರಳಲ್ಲಿ ಸರಿಸಬೇಕಂತೆ;
ನನ್ನ ಹೆಬ್ಬೆರಳು ಆ ಕಡೆ ಇಲ್ಲ.
ನಾನು ಎಡಚಿ.

ಅವ್ವ ಇಟ್ಟ ಬರೆ, ಮೇಷ್ಟ್ರ ರೂಲುದೊಣ್ಣೆ,
ಮದುವೆಮನೆಯಲ್ಲಿ ಅನ್ನದ ಸೌಟು ಕಿತ್ತುಕೊಂಡ ಅತ್ತಿಗೆ,
ಎಲ್ಲ ಆದಮೇಲೂ ಈ ಕೈ ತಾನೇ ಮುಂದಾಗುತ್ತದೆ.
ಚಾಕು ಮಾಡುವವನೂ ಅವ್ವನ ಕಡೆಯವನೇ
ಅಂತ ಗೊತ್ತಿರಲಿಲ್ಲ.

ಸಾಬರು ಏನೂ ಅನ್ನದೆ ಒಳಗೆ ಹೋಗಿ
ಎಣ್ಣೆಕಾಗದ ಬಿಚ್ಚಿ ನಾಲ್ಕನೆಯದನ್ನು
ಕೈಗೆ ಕೊಡದೆ ಗಾಜಿನ ಮೇಲಿಟ್ಟರು.
ಚಾಕು ಕೈಯಿಂದ ಕೈಗೆ ಹೋದರೆ ಜಗಳ ತಪ್ಪಿದ್ದಲ್ಲ.
ಬೀಟೆಮರದ ಹಿಡಿ, ಕುತ್ತಿಗೆಗೆ ಹಿತ್ತಾಳೆ ಬಳೆ.
ಅಲಗು ಬಿಚ್ಚಿ ಬಳೆ ತಿರುವಿದರೆ ಬೀಗ;
ಇತ್ತ ತಿರುವಿದರೂ ಸರಿ, ಅತ್ತ ತಿರುವಿದರೂ ಸರಿ.
‘ಇದಕ್ಕೆ ಕೈ ಯಾವುದಂತ ಗೊತ್ತಾಗಲ್ಲಮ್ಮ.
ತುಕ್ಕು ಹಿಡಿಯುತ್ತೆ, ಸುಳ್ಳು ಹೇಳಲ್ಲ, ದಿನಾ ಒರೆಸಬೇಕು.
ಮೊಂಡಾದರೆ ನಿಮ್ಮ ನಾಲೆ ಕಲ್ಲೇ ಸಾಕು.’

ಉಗುರ ಮೇಲಿಟ್ಟೆ, ಜಾರಲಿಲ್ಲ, ಕಚ್ಚಿತು.
ಅಲಗಿನ ಬೆನ್ನನ್ನು ಮರಕ್ಕೆ ಬಡಿದೆ, ಮೂರು ಸಲ. ಮಡಿಯಲಿಲ್ಲ.
ಒಂಬೈನೂರ ಐವತ್ತು ಅಂದರು.
ಎಂಟುನೂರ ಎಪ್ಪತ್ತಕ್ಕೆ ನಿಂತೆವು
ಇಬ್ಬರೂ ಸೋತ ಮುಖ ಮಾಡಿಕೊಂಡು.

ನಾಲ್ಕನೇ ರಾತ್ರಿ, ಹದಿನೇಳನೇ ತೂಬು. ನೀರು ನಿಂತಿತ್ತು.
ಮೇಲಿನ ಗದ್ದೆಯ ಸಣ್ಣೀರೇಗೌಡ, ಕೆಳಗಿನ ಗದ್ದೆಯ ಬೋರಲಿಂಗ.
ಕಟ್ಟಿದವನು ನೀನು, ನಿಮ್ಮಪ್ಪ, ನಿಮ್ಮ ವಂಶ
ಅನ್ನುತ್ತ ಟವೆಲುಗಳು ಹೆಗಲಿಂದ ಸೊಂಟಕ್ಕಿಳಿದಿದ್ದವು.
ನಾನು ಮಡಿಲಿಂದ ಚಾಕು ತೆಗೆದೆ.
ಬಳೆ ತಿರುವಿದೆ.
ಟಾರ್ಚಿನ ಬೆಳಕಲ್ಲಿ ಅಲಗು ಕಂಡು
ಇಬ್ಬರೂ ಒಟ್ಟಿಗೇ ಒಂದು ಹೆಜ್ಜೆ ಹಿಂದೆ ಸರಿದರು,
ಆ ವರ್ಷ ಅವರು ಒಟ್ಟಿಗೆ ಮಾಡಿದ ಒಂದೇ ಕೆಲಸ.
ನನಗೂ ಒಂದು ಗಳಿಗೆ ಅದು ಹಿತವಾಯಿತು,
ಸಾಬರ ಹಾಗೆ ನಾನೂ ಸುಳ್ಳು ಹೇಳಲ್ಲ.

ಆಮೇಲೆ ಎದೆಮಟ್ಟ ನೀರಿಗಿಳಿದು
ತೂಬಿನ ಬಾಗಿಲಿಗೆ ಸಿಕ್ಕಿದ್ದ ಯೂರಿಯಾ ಚೀಲ,
ನೈಲಾನು ಹಗ್ಗ, ಕಳೆಬಳ್ಳಿ, ಯಾರದೋ ಪಂಚೆ
ಕೊಯ್ದೆ, ಕಣ್ಣಿಗೆ ಕಾಣದೆ, ಬರೀ ಕೈಗೆ ತಿಳಿದಷ್ಟು.
ಬಳೆ ಕದಲಲಿಲ್ಲ.
ನೀರು ಗಂಟಲು ಸರಿಮಾಡಿಕೊಂಡು ಹೊರಟಿತು.

ಮೇಲೆಳೆಯಲು ಬೋರಲಿಂಗ ಬಗ್ಗಿದ.
‘ಚಾಕಿರೋ ಕೈ ಬ್ಯಾಡ, ಆ ಕೈ ಕೊಡು’ ಅಂದ.
ಬಲಗೈ ಕೊಟ್ಟೆ; ಅದಕ್ಕೂ ಒಂದು ಕೆಲಸ ಸಿಕ್ಕಿತು.
‘ಎಲ್ಲಿ, ನೋಡನ’ ಅಂತ ಸಣ್ಣೀರೇಗೌಡ ಅಂಗೈ ಚಾಚಿದ.
ಮಡಿಸಿ ತೂಬಿನ ಕಲ್ಲ ಮೇಲಿಟ್ಟೆ.
ಎತ್ತಿಕೊಂಡ, ತಿರುವಿದ, ಬೆಲೆ ಕೇಳಿದ,
‘ಜಾಸ್ತಿ ಕೊಟ್ಟೆ’ ಅಂದ.

ಮನೆಗೆ ಬಂದು ನೋಡಿದರೆ ಕೀಲಲ್ಲಿ ಆಗಲೇ ಕೆಂಪು ಚುಕ್ಕೆ.
ಕೊಬ್ಬರಿ ಎಣ್ಣೆಯ ಶೀಶೆ ಬಗ್ಗಿಸಿ ಕಾದೆ;
ಮಗಳ ಜಡೆಗೆ ಹಾಕಿ ಉಳಿದದ್ದು,
ಬರಲೋ ಬೇಡವೋ ಅಂತ, ಒಂದು ತೊಟ್ಟು.