ಎರಡು ಬೆರಳು ಕೆಳಗೆ

ಮುಡಿಪಿನಿಂದಾಚೆ, ಮಂಗಳೂರಿನ ಬಸ್ಸು ತಿರುಗಿಸುವ ಕಟ್ಟೆ ದಾಟಿದರೆ
ಕಲ್ಲಗುಡ್ಡೆ ಪದವು.
ಬುಧವಾರ ಹೊತ್ತಿದ್ದು
ಶುಕ್ರವಾರದವರೆಗೆ ಉರಿಯಿತು.
ಇಂದು ನನ್ನ ಬೂಟಿನಡಿ
ಹಪ್ಪಳ ಮುರಿದ ಸದ್ದು.

ಒಂದು ಮೀಟರು ಉದ್ದ, ಒಂದು ಮೀಟರು ಅಗಲ,
ನೀರಿನ ಪೈಪು ಕತ್ತರಿಸಿ ಮಾಡಿದ ಚೌಕ.
ಕಣ್ಣು ಮುಚ್ಚಿ ಎಸೆಯಬೇಕು. ಬಿದ್ದಲ್ಲಿ ಕೂರಬೇಕು.
ಒಳಗಿರುವುದೆಲ್ಲ ಎಣಿಸಬೇಕು.
ಮೊದಲ ಚೌಕ: ಬೂದಿ.
ಎರಡನೆಯದು: ಬೂದಿ, ಬಸವನಹುಳುವಿನ ಬಿಳಿ ಚಿಪ್ಪು ಏಳು,
ಸಿಡಿದ ಬಿಯರ್ ಬಾಟಲಿಯ ಕುತ್ತಿಗೆ ಒಂದು.
ಮೂರನೆಯದರಲ್ಲಿ ಕಲ್ಲೆಂದು ತಪ್ಪಿ ಎಣಿಸಿದ ನಾಲ್ಕು
ಟಿಟ್ಟಿಭದ ಮೊಟ್ಟೆ.
ಫಾರ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ.
'ಇತರೆ' ಎಂದು ಬರೆದೆ.

ಹಕ್ಕಿ ಮಾತ್ರ ತಲೆ ಮೇಲೆ ಸುತ್ತುತ್ತಾ
ಕೂಗಿದ್ದೇ ಕೂಗಿದ್ದು.

ಇದಿನಬ್ಬ ನನ್ನ ಟೇಪಿನ ಇನ್ನೊಂದು ತುದಿ.
ಎಪ್ಪತ್ತು ದಾಟಿದೆ, ಹತ್ತು ಆಡು ಉಂಟು, ಮಂಡಿನೋವು ಉಂಟು,
ನಾನು ಯಾವ ಶಾಲೆಯಲ್ಲೂ ಕಲಿಸದಿದ್ದರೂ ಟೀಚರೇ ಎನ್ನುತ್ತಾರೆ.
"ಟೀಚರೇ, ಸುಟ್ಟ ಮೇಲೆ ಎಂತ ಹುಡುಕುವುದು ನೀವು,
ಆಡು ಕಳೆದವರ ಹಾಗೆ?"

ಬೇಸಿಗೆಗೆ ಮೊದಲೇ ಹೂತಿಟ್ಟಿದ್ದೆ
ತಗಡಿನ ಬಿಲ್ಲೆಗಳನ್ನು,
ಇಂತಿಷ್ಟು ಡಿಗ್ರಿಗೆ ಕರಗುವ ಬಣ್ಣ ಬಳಿದು.
ಕೆರೆದು ತೆಗೆದೆವು ಒಂದೊಂದೇ.
ನೆಲದ ಮೇಲಿನದು ನಾನೂರು ದಾಟಿ ಕಪ್ಪಾಗಿತ್ತು.
ಎರಡು ಬೆರಳು ಕೆಳಗಿನದರಲ್ಲಿ
ನಲವತ್ತೈದರ ಹಳದಿ ಕೂಡ ಅಲುಗಿರಲಿಲ್ಲ,
ಅಂಗಡಿಯಿಂದ ತಂದ ಹಾಗೇ.
ಮುಳಿಹುಲ್ಲಿನ ಬೇರು ಅಲ್ಲಿ,
ಬಾಯಿ ಮುಚ್ಚಿಕೊಂಡ ಬೀಜ ಅಲ್ಲಿ,
ಇರುವೆಗಳ ರಾಣಿ ಅಲ್ಲಿ.
ಮೇಲೆ ಊರಿಗೆ ಊರೇ ಹೊತ್ತಿದಾಗ
ಕೆಳಗೆ ಮಗುವಿನ ಜ್ವರದಷ್ಟೇ.

ಈಚಲು ಮೊದಲು ಎದ್ದಿತು, ಹನ್ನೊಂದನೇ ದಿನ,
ಕರಿದ ಬುಡದಿಂದ ಹಸಿರು ಸೂಜಿ.
ಆಮೇಲೆ ಮುಳಿ, ಆಮೇಲೆ ಕುಂಟಲದ ಕೆಂಪು ಚಿಗುರು.
ಮೇ ಕೊನೆಗೆ ಎರಡು ಮಳೆ ಬಿದ್ದದ್ದೇ
ಅಕೇಶಿಯಾ.
ಒಂದೇ ಚೌಕದಲ್ಲಿ ನೂರಾ ಅರವತ್ತು.
ಇಲಾಖೆಯವರು ಹಸಿರಾಗಲೆಂದು ಅಂಚಿನಲ್ಲಿ ನೆಟ್ಟದ್ದು;
ಬೀಜದ ಸಿಪ್ಪೆ ಗಟ್ಟಿ, ಬಿಸಿ ತಾಗಿದರೆ ಬಾಯಿ ಬಿಡುತ್ತದೆ.
ಎಣಿಸಿದೆ, ತಪ್ಪಿತು, ಮತ್ತೆ ಎಣಿಸಿದೆ.
ಹಸಿರೇ. ಆದರೆ ಸಂತೋಷವಾಗಲಿಲ್ಲ.

ಫಾರ್ಮಿನ ಕೊನೆಯ ಸಾಲು ಮೊದಲ ದಿನದಿಂದ ಖಾಲಿ.
ಬೆಂಕಿಗೆ ಕಾರಣ:
ಸಹಜ, ಮನುಷ್ಯ, ಗೊತ್ತಿಲ್ಲ. ಒಂದಕ್ಕೆ ಗುರುತು ಹಾಕಿ.
ಇದಿನಬ್ಬ ಬೀಡಿ ಹಚ್ಚದೆ ಬೆರಳಲ್ಲಿ ತಿರುಗಿಸುತ್ತಾ ಹೇಳಿದರು:
"ನನ್ನ ಬಾಪ ಕೊಡುತ್ತಿದ್ದರು ಬೆಂಕಿ.
ಜನವರಿಯಲ್ಲಿ, ಬೆಳಿಗ್ಗೆ, ಮಂಜು ಆರುವ ಮೊದಲು.
ಹೊಗೆಯೇ ಹೆಚ್ಚು. ನಾಲ್ಕು ಚಾಪೆಯಷ್ಟು ಸುಟ್ಟು ತಾನೇ ಆರುತ್ತಿತ್ತು.
ಹದಿನೈದು ದಿನದಲ್ಲಿ ದನಕ್ಕೆ ಎಳೆ ಹುಲ್ಲು.
ಆಮೇಲೆ ಬೋರ್ಡು ಬಂತು, ಕೇಸು ಬಂತು, ಬಿಟ್ಟೆವು.
ಹುಲ್ಲು ಬಿಡಲಿಲ್ಲ ಟೀಚರೇ,
ಮಲಗಿದ ಹುಲ್ಲಿನ ಮೇಲೆ ಹುಲ್ಲು, ಸೊಂಟದವರೆಗೆ.
ಈಗ ಏಪ್ರಿಲಿನಲ್ಲಿ, ಮಧ್ಯಾಹ್ನದ ಕಡಲ ಗಾಳಿಗೆ,
ಯಾರೋ ಒಂದು ಸಿಗರೇಟು ಎಸೆದರೆ..."
ಕೈಯನ್ನು ತಲೆಗಿಂತ ಮೇಲೆತ್ತಿ ತೋರಿಸಿದರು
ಎಷ್ಟೆತ್ತರ ಎಂದು.

'ಮನುಷ್ಯ'ನಿಗೆ ಗುರುತು ಹಾಕಿದೆ.
ಯಾವ ಮನುಷ್ಯ ಎಂದು ಬರೆಯಲು ಜಾಗವಿಲ್ಲ,
ಬೆಂಕಿ ಕೊಟ್ಟವನೋ, ಕೊಡುವುದು ಬಿಟ್ಟವನೋ,
ನೆಟ್ಟವನೋ.

ಅರ್ಜಿ ಹಾಕಿ ಎಂಟು ತಿಂಗಳು ಕಾದು
ಹತ್ತು ಮೀಟರು ಚೌಕ ಸುಡಲು ಅನುಮತಿ ಬಂತು.
ಜನವರಿ. ಬೆಳಗಿನ ಆರೂವರೆ.
ಒಬ್ಬ ಗಾರ್ಡು, ನೀರಿನ ಟ್ಯಾಂಕು ಹೊತ್ತ ಪಿಕಪ್ಪು,
ಕೇಪಳದ ಹಸಿ ಗೆಲ್ಲು ಹಿಡಿದು ಆಕಳಿಸುವ ಮೂವರು ವಿದ್ಯಾರ್ಥಿಗಳು.
ನಾನು ಗೀರಿದ ಕಡ್ಡಿ ಆರಿತು. ಇನ್ನೊಂದು. ಇನ್ನೊಂದು.
ಇದಿನಬ್ಬ ಬೆಂಕಿಪೆಟ್ಟಿಗೆ ಕೇಳಲಿಲ್ಲ, ಕಸಿದುಕೊಂಡರು.
ಘಟ್ಟದ ಗಾಳಿಗೆ ಬೆನ್ನು ಕೊಟ್ಟು,
ಆ ನೋವಿನ ಮಂಡಿಯನ್ನೇ ಊರಿ,
ಬುಡದ ಒಂದು ಒಣ ಎಳೆಗೆ ತಾಗಿಸಿ
ಊದದೆ ಕಾದರು.

ಹೊಗೆ ಎದ್ದಿತು, ಗಂಜಿತಿಳಿಯಂಥ ಹೊಗೆ,
ನೆಲ ಹಿಡಿದೇ ನಡೆಯಿತು.
ದೂರದಲ್ಲಿ ಟಿಟ್ಟಿಭ ಒಂದೇ ಸಲ ಕೂಗಿ ಸುಮ್ಮನಾಯಿತು.
ಅದು ಮೊಟ್ಟೆಯಿಡಲು ಇನ್ನೂ ಎರಡು ತಿಂಗಳಿದೆ.